ಬನ್ನಿಗಿಡದ ಬುಡದ ಮಣ್ಣು

ಮುಡಚಟ್ಟು ಅನ್ನುವ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ನನಗೆ ಅಂಗಾಲಿನಿಂದ ನೆತ್ತಿಗೆ ಉರಿ ಏರುತ್ತದೆ. ಬೇರೆ ಕಡೆಯವರು ಮೈಲಿಗೆ ಅನ್ನುವುದಕ್ಕೆ ನಮ್ಮ ಧಾರವಾಡ ಕಡೆ ಮುಡಚಟ್ಟು ಅನ್ನುತ್ತಾರೆ. ಹೆಂಗಸು ತಿಂಗಳಿಗೆ ಹೊರಗೆ ಕುಳಿತರೆ ಮುಡಚಟ್ಟು, ಹಡೆದರೆ ಮುಡಚಟ್ಟು. ನಮ್ಮದು ಲಿಂಗ ಕಟ್ಟಿದ ಮನೆ. ಲಿಂಗ ಕಟ್ಟಿದವರಿಗೆ ಯಾವ ಸೂತಕವೂ ಇಲ್ಲ ಎಂದು ನಮ್ಮ ಕಾಕಾ ಕಟ್ಟೆಯ ಮೇಲೆ ಕುಳಿತು ಬಂದವರಿಗೆಲ್ಲ ಹೇಳುತ್ತಿದ್ದ. ಹೇಳಿ ಮುಗಿಸಿ ಒಳಗೆ ಬಂದು, ಅಣ್ಣನ ಹೆಂಡತಿ ಹೊರಗೆ ಕುಳಿತಾಗ ಮುಟ್ಟಿದ ತಂಬಿಗೆಯನ್ನು ಬೂದಿ ಹಚ್ಚಿ ಎರಡೆರಡು ಸಲ ತಿಕ್ಕಿಸುತ್ತಿದ್ದ. ಆಗ ನಾನೂ ಅವನ ಎದುರಿಗೆ ‘ಹೌದ್ರಿ ಕಾಕಾ, ಆತ್ರಿ ಕಾಕಾ’ ಅನ್ನುತ್ತಿದ್ದೆ. ಈಗ ಬರೆಯುವಾಗ ಅವನಿಗೆ ಬಹುವಚನ ಹಚ್ಚಲು ನನಗೆ ಮನಸ್ಸಿಲ್ಲ.

ಅಣ್ಣಿಗೇರಿಯಿಂದ ಶಲವಡಿಯ ಕಡೆ ಹೋಗುವಾಗ ಸಿಗುವ ಒಂದು ಊರು ನಮ್ಮದು. ಎಪ್ಪತ್ತರ ದಶಕದ ನಡುವಿನ ಮಾತು ಇದು. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಹೋಗಿದ್ದ. ಅಪ್ಪನ ತಮ್ಮ, ಅಂದರೆ ಈ ಕಾಕಾ, ಮನೆಯ ಯಜಮಾನ. ಕಾಕಿ ಇರಲಿಲ್ಲ, ಅವಳೂ ಹೋಗಿ ಬಹಳ ದಿನವಾಗಿತ್ತು. ಅವ್ವ, ನನ್ನ ಅಣ್ಣ, ಅಣ್ಣನ ಹೆಂಡತಿ ವೈನಿ, ಮತ್ತೆ ನಾನು. ಮನೆಯಲ್ಲಿ ಇಷ್ಟೇ ಮಂದಿ. ವೈನಿಯ ತವರು ತಿರ್ಲಾಪುರ. ಬಣ್ಣ ಕಪ್ಪು, ಕೈ ದೊಡ್ಡವು, ಮಾತು ಕಡಿಮೆ. ಆಡಿದರೆ ಮಾತ್ರ ಎದುರಿನವರು ಒಂದು ಗಳಿಗೆ ಸುಮ್ಮನಾಗಬೇಕು, ಹಾಗೆ ಆಡುತ್ತಿದ್ದಳು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು ಅಷ್ಟೆ.

ಮಾರ್ನಮಿಗೆ, ಅಂದರೆ ನವರಾತ್ರಿಗೆ, ನಮ್ಮ ಮನೆಯಲ್ಲಿ ಘಟ್ಟ ಹಾಕುತ್ತಿದ್ದರು. ಮನೆಯೊಳಗಿನ ದೇವರ ಜಗಲಿಯ ಮೇಲೆ ಎಲೆ ಹೊಲಿದ ಪತ್ರಾಳಿ ಹಾಸಿ, ಅದರ ಮೇಲೆ ಹೊಲದ ಮಣ್ಣು ಹರಡಿ, ಜೋಳ, ಗೋದಿ, ಹೀಗೆ ಐದು ತರದ ಕಾಳು ಬಿತ್ತಿ, ನಡುವೆ ನೀರಿನ ಕೊಡ ಕೂಡಿಸುವುದು. ದಿನಾ ಚೂರು ಚೂರು ನೀರು ಚಿಮುಕಿಸುವುದು. ದಸರೆಯ ದಿನ ಆ ಸಸಿ ಕಿತ್ತು ಮನೆಯ ಹೆಂಗಸರು ಗಂಡಸರಿಗೆ ಕೊಡಬೇಕು. ಗಂಡಸರು ಅದನ್ನು ಟೊಪ್ಪಿಗೆಯಲ್ಲಿ ಸಿಗಿಸಿಕೊಂಡು, ಕೈಯಲ್ಲಿ ಬನ್ನಿ ಹಿಡಿದು ಊರೆಲ್ಲ ತಿರುಗಬೇಕು. ಸಸಿ ಎತ್ತರ ಬಂದರೆ ಆ ವರ್ಷ ಮನೆಗೆ ಒಳ್ಳೆಯದು. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದು ಅವ್ವ ದಿನಾ ಮುಂಜಾನೆ ಎದ್ದು ಕಣ್ಣು ಉಜ್ಜಿಕೊಳ್ಳುತ್ತ ಮೊದಲು ಘಟ್ಟದ ಮುಂದೆ ಹೋಗಿ ನಿಲ್ಲುತ್ತಿದ್ದಳು.

ಘಟ್ಟಕ್ಕೆ ಎಲ್ಲಿಯದೋ ಮಣ್ಣು ನಡೆಯುತ್ತಿರಲಿಲ್ಲ. ಸ್ವಂತ ಹೊಲದ್ದೇ ಆಗಬೇಕು, ಅದರಲ್ಲೂ ಹಳ್ಳದ ಹೊಲದ ಬನ್ನಿಗಿಡದ ಬುಡದ್ದೇ ಆಗಬೇಕು. ನಮಗೆ ಎರಡು ಹೊಲ: ಊರ ಆಚೆ ದಿಬ್ಬದ ಮೇಲಿನದು ಏರಿ ಹೊಲ, ಕೆಳಗೆ ಹಳ್ಳದ ದಂಡೆಯದು ಹಳ್ಳದ ಹೊಲ. ಬನ್ನಿಗಿಡ ಇದ್ದದ್ದು ಹಳ್ಳದ ಹೊಲದ ಒಡ್ಡಿಗೆ ಹತ್ತಿ. ಮುತ್ತಜ್ಜನ ಕಾಲದಿಂದ ಅಲ್ಲಿಯ ಮಣ್ಣೇ ಘಟ್ಟಕ್ಕೆ ಬರುತ್ತಿತ್ತು, ಜಗಲಿಯ ಮೇಲಿನ ಬೆಳಕಿಂಡಿಯಿಂದ ಬೀಳುವ ಬೆಳಕಿಗೆ ಸಸಿ ಗೇಣುದ್ದ ಹಸಿರಾಗಿ ಎದ್ದು ನಿಲ್ಲುತ್ತಿತ್ತು. ನಾನು ಸಣ್ಣವಳಿದ್ದಾಗ ಅದನ್ನು ನೋಡಿದ್ದೇನೆ.

ಇನ್ನು ಶೆಡ್ಡಿನ ಮಾತು ಹೇಳಬೇಕು. ಕಾಕಾನಿಗೆ ಬರೀ ಒಕ್ಕಲುತನ ಸಾಲದಾಯಿತು, ವ್ಯಾಪಾರ ಮಾಡುವ ಹುಚ್ಚು ಹಿಡಿಯಿತು. ಪೇಟೆಯ ಒಬ್ಬನನ್ನು ಜೋಡಿ ಮಾಡಿಕೊಂಡು, ಹಳ್ಳದ ಮೇಲುಗಡೆ ಡಾಂಬರು ರಸ್ತೆಗೆ ಹತ್ತಿ ಒಂದು ತಗಡಿನ ಶೆಡ್ಡು ಹಾಕಿದ. ಬಕೀಟು ಮಾಡುವ ಶೆಡ್ಡು. ಕಬ್ಬಿಣದ ತಗಡು ಬಡಿದು ಬಕೀಟು ಮಾಡಿ, ಅದನ್ನು ಆಸಿಡ್ ನೀರಿನಲ್ಲಿ ಅದ್ದಿ ತುಕ್ಕು ತೆಗೆದು, ಕಾಯಿಸಿ ಕರಗಿಸಿದ ಜಸ್ತದಲ್ಲಿ, ಅಂದರೆ ಸತುವಿನಲ್ಲಿ, ಮುಳುಗಿಸಿ ತೆಗೆಯುತ್ತಿದ್ದರು. ಬಕೀಟು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಆ ಕಾಲಕ್ಕೆ ಲಗ್ನಗಳಲ್ಲಿ ಹಿತ್ತಾಳೆಯ ಕೊಡದ ಜೊತೆಗೆ ಜಸ್ತದ ಬಕೀಟನ್ನೂ ಕೊಡುತ್ತಿದ್ದರು, ಅದರಿಂದ ಮಾಲು ಖಾಲಿಯಾಗುತ್ತಲೇ ಇತ್ತು. ಊರಿನವರು ಕಾಕಾನನ್ನು ಸಾಹುಕಾರ ಅನ್ನತೊಡಗಿದರು.

ಅದ್ದಿದ ಆಸಿಡ್ ನೀರು ಒಂದು ಗಟಾರದಲ್ಲಿ ಹರಿದು ಹಳ್ಳಕ್ಕೆ ಹೋಗುತ್ತಿತ್ತು. ಜಸ್ತ ಕರಗಿಸಿದ ಕಡಾಯಿಯ ಮೇಲೆ ಮತ್ತು ತಳದಲ್ಲಿ ಬೂದುಬಣ್ಣದ ಕಿಟ್ಟ ಉಳಿಯುತ್ತಿತ್ತು. ಅದನ್ನು ಎಲ್ಲಿ ಚೆಲ್ಲುವುದು? ನಮ್ಮ ಕಾಕಾನ ತಲೆ ಎಂಥದು ನೋಡಿ. ಮಳೆಗಾಲದಲ್ಲಿ ಹಳ್ಳದ ಹೊಲದ ಒಡ್ಡು ಒಡೆಯುತ್ತದೆ, ಕಿಟ್ಟ ಹಾಕಿದರೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಖರ್ಚೂ ಇಲ್ಲ ಎಂದು ಬಂಡಿಗಟ್ಟಲೆ ಹೇರಿಸಿ ತನ್ನ ಹೊಲದ ಒಡ್ಡಿಗೇ ಸುರಿಸಿದ. ಬನ್ನಿಗಿಡದ ಬುಡದವರೆಗೂ ಸುರಿಸಿದ. ಒಡ್ಡು ಗಟ್ಟಿಯಾಯಿತು, ಅದು ಮಾತ್ರ ಖರೆ. ಇವತ್ತಿಗೂ ಒಡೆದಿಲ್ಲ, ಹಾಳಾದದ್ದು.

ವೈನಿ ನಮ್ಮ ಮನೆಗೆ ಬಂದ ಮೇಲೆ ಬಂದ ಎರಡನೆಯ ಮಾರ್ನಮಿಗೆ ಘಟ್ಟದ ಸಸಿ ಏಳಲಿಲ್ಲ. ಏಳಲಿಲ್ಲ ಅಂದರೆ ಮೊಳಕೆ ಬಂದವು, ಎಲ್ಲ ಕಾಳೂ ಒಡೆದವು. ಆದರೆ ಬೆರಳಿನ ಒಂದು ಗೆಣ್ಣಿನಷ್ಟು ಬಂದು ಅಲ್ಲಿಗೆ ನಿಂತವು. ಹಳದಿ ಬಣ್ಣ, ತುದಿ ಕಂದಾಗಿ ಮುರುಟಿತ್ತು. ನೆರಳಿನಲ್ಲಿ ಬೆಳೆದ ಸಸಿ ಹಳದಿಯಾಗುವುದು ಎಲ್ಲರಿಗೂ ಗೊತ್ತು, ಆದರೆ ನೆರಳಿನ ಸಸಿ ಬೆಳಕು ಹುಡುಕುತ್ತ ಉದ್ದಕ್ಕೆ ಓಡುತ್ತದೆ. ಇವು ಓಡಲಿಲ್ಲ. ಅವ್ವ ಇನ್ನಷ್ಟು ನೀರು ಚಿಮುಕಿಸಿದಳು, ಊದಿನಕಡ್ಡಿ ಜಾಸ್ತಿ ಹಚ್ಚಿದಳು, ಯಾವುದಕ್ಕೂ ಅವು ಜಗ್ಗಲಿಲ್ಲ.

ದಸರೆಯ ದಿನ ಕಾಕಾ ಪತ್ರಾಳಿ ನೋಡಿ, ತಲೆ ಎತ್ತಿ ಸೀದಾ ಅಡುಗೆಮನೆಯ ಬಾಗಿಲ ಕಡೆ ನೋಡಿದ.

“ಇದಕ್ಕ ಮುಡಚಟ್ಟು ತಾಗೇತಿ. ಯಾರೋ ಹೊರಗ ಕುಂತದ್ದು ಮುಚ್ಚಿಟ್ಟು ಜಗಲಿಗೆ ಬಂದಾರ,” ಅಂದ.

ಯಾರೋ ಅಂತೆ! ಮನೆಯಲ್ಲಿ ಹೊರಗೆ ಕೂಡುವವರು ಇದ್ದದ್ದೇ ಇಬ್ಬರು, ವೈನಿ ಮತ್ತು ನಾನು. ನಾನು ಮನೆಯ ಮಗಳು, ನನ್ನ ಮೇಲೆ ಯಾರೂ ಬೆರಳು ಎತ್ತಲಿಲ್ಲ. ಅವ್ವ ವೈನಿಯ ಕಡೆ ತಿರುಗಿ, “ಖರೇ ಹೇಳ ಬೇ, ಮುಟ್ಟಿದ್ದೇನ?” ಎಂದು ಕೇಳಿದಳು. ವೈನಿ “ಇಲ್ಲರಿ ಅತ್ತಿ” ಅಂದಳು. ಅಷ್ಟೇ ಅಂದದ್ದು. ಅಷ್ಟು ಸಣ್ಣ ಉತ್ತರವೇ ಅವಳಿಗೆ ಮುಳುವಾಯಿತು. ಅಳಬೇಕಿತ್ತು, ಆಣೆ ಮಾಡಬೇಕಿತ್ತು, ಕಾಲಿಗೆ ಬೀಳಬೇಕಿತ್ತು. ಯಾವುದೂ ಮಾಡಲಿಲ್ಲ ಅಂದಮೇಲೆ ಸುಳ್ಳೇ ಇರಬೇಕು ಎಂದು ಮನೆಯಲ್ಲಿ ತೀರ್ಮಾನವಾಯಿತು.

ಅದೇ ವರ್ಷ ಹಳ್ಳದ ಹೊಲದಲ್ಲಿ ಒಡ್ಡಿನ ಉದ್ದಕ್ಕೂ ಹಿಂಗಾರಿ ಜೋಳ ಏಳಲಿಲ್ಲ. ಸಾಲು ಸಾಲು ಮೊಳಕೆ ಬಂದು ನಿಂತಲ್ಲೇ ನಿಂತವು. ಅಲ್ಲಿ ಯಾರಿಗೆ ಮುಡಚಟ್ಟು ತಾಗಿತ್ತು? ಆ ಮಾತೇ ಬರಲಿಲ್ಲ. ಹೊಲದಲ್ಲಿ ಸಸಿ ಸತ್ತರೆ ಗಂಡಸರು ಬೀಜಕ್ಕೆ ಬೈದರು, ಹೈಬ್ರಿಡ್ ಬಂದು ಭೂಮಿ ಕೆಡಿಸಿತು ಎಂದು ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿದರು. ಅದೇ ಸಸಿ ಮನೆಯೊಳಗೆ ಸತ್ತರೆ ಹೆಂಗಸಿಗೆ ಬೈದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗಾದೆ ಹೇಳುತ್ತಾರಲ್ಲ, ನಮ್ಮ ಮನೆಯಲ್ಲಿ ನೆಲವೇ ಡೊಂಕಿತ್ತು. ಬೈಸಿಕೊಂಡವಳು ಮಾತ್ರ ಕುಣಿಯುವವಳು.

ಮರುವರ್ಷ ಅವ್ವ ಮೊದಲೇ ಜಾಗ್ರತೆ ಮಾಡಿದಳು. ಮಾರ್ನಮಿಗೆ ಮೊದಲು ವೈನಿಯನ್ನು ಯಮನೂರಿಗೆ ಕರೆದುಕೊಂಡು ಹೋಗಿ ಅಲ್ಲಿಯ ಹಳ್ಳದಲ್ಲಿ ಜಳಕ ಮಾಡಿಸಿ, ದರ್ಗಾದಲ್ಲಿ ಸಕ್ಕರೆ ಓದಿಸಿಕೊಂಡು ಬಂದಳು. ಯಮನೂರಿಗೆ ಹೋದದ್ದಕ್ಕೆ ನನ್ನ ಸಿಟ್ಟಿಲ್ಲ. ಅಲ್ಲಿ ಯಾರೂ ವೈನಿಗೆ ನೀನು ಮುಟ್ಟಿದ್ದೀ, ಬಿಟ್ಟಿದ್ದೀ ಎಂದು ಕೇಳಲಿಲ್ಲ. ಅವಳು ಆ ದಿನ ಬಸ್ಸಿನಲ್ಲಿ ಬರುವಾಗ ಕಿಟಕಿಯ ಹತ್ತಿರ ಕುಳಿತು ನಕ್ಕದ್ದು ನನಗೆ ನೆನಪಿದೆ. ಮನೆಗೆ ಬಂದು ಘಟ್ಟ ಹಾಕಿದರು, ಮಣ್ಣು ಮತ್ತೆ ಬನ್ನಿಗಿಡದ ಬುಡದ್ದು. ಸಸಿ ಮತ್ತೆ ಹಳದಿ, ಈ ಸಲ ಇನ್ನೂ ಗಿಡ್ಡ.

ಅವತ್ತು ಕಾಕಾ ಕೂಗಾಡಲಿಲ್ಲ. ಊಟ ಮಾಡಿ ಕೈ ತೊಳೆದು, ಪಡಸಾಲೆಯಲ್ಲಿ ಎಲ್ಲರನ್ನೂ ಕೂಡಿಸಿ ಹೇಳಿದ.

“ಮಡಲಾಗ ಕೂಸಿಲ್ಲ, ಘಟ್ಟದಾಗ ಸಸಿ ಇಲ್ಲ. ಬರೂ ಮಾರ್ನಮಿ ಒಂದು ನೋಡೂಣು. ಮತ್ತ ಹಿಂಗಽ ಬಂದ್ರ ಅಕಿನ್ನ ತಿರ್ಲಾಪುರಕ್ಕ ಬಿಟ್ಟ ಬರೂದು. ಇಂವಗ ಬ್ಯಾರೆ ಹುಡಿಗಿ ನೋಡೂಣು.”

ಅಣ್ಣ ಅಲ್ಲೇ ಕುಳಿತಿದ್ದ. ‘ಇಂವ’ ಅಂದರೆ ಅವನೇ. ಬಾಯಲ್ಲಿ ಅಡಿಕೆ ಇಟ್ಟುಕೊಂಡವನ ಹಾಗೆ ಸುಮ್ಮನಿದ್ದ. ಅವನ ಮೇಲೆ ನನಗೆ ಬಂದ ಸಿಟ್ಟು ಕಾಕಾನ ಮೇಲಿನದಕ್ಕಿಂತ ಒಂದು ತೂಕ ಹೆಚ್ಚೇ ಇರಬೇಕು. ಕಾಕಾ ಕೆಟ್ಟವನು, ಸರಿ. ಇವನು ಒಳ್ಳೆಯವನಾಗಿದ್ದು ಏನು ಮಾಡಿದ? ವೈನಿ ಬಾಗಿಲಿನ ಹಿಂದೆ ನಿಂತು ಕೇಳಿದಳು. ರಾತ್ರಿ ಭಾಂಡೆ ತಿಕ್ಕುವಾಗ ನನಗೆ ಅಂದಳು: “ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದ್ರಂತ. ಎತ್ತು ಯಾವುದು ಅನ್ನೂದು ಗೊತ್ತಾಗವಲ್ದು ನೋಡ ತಂಗಿ.”

ಆ ವರ್ಷವೆಲ್ಲ ಅವಳು ಮನೆಯಲ್ಲಿ ಸಂತೆಗೆ ತಂದ ದನದ ಹಾಗೆ ಬದುಕಿದಳು. ಯಾರೂ ಹೊಡೆಯಲಿಲ್ಲ, ಯಾರೂ ಮಾತಾಡಿಸಲಿಲ್ಲ. ಬಂದ ಬೀಗರೆಲ್ಲ ಒಮ್ಮೆ ಅವಳ ಹೊಟ್ಟೆಯ ಕಡೆ ನೋಡಿ, ಆಮೇಲೆ ಜಗಲಿಯ ಕಡೆ ನೋಡುತ್ತಿದ್ದರು.

ಕಾಕಾ ಗಡುವು ಕೊಟ್ಟ ಮಾರ್ನಮಿ ಬಂತು. ಘಟ್ಟದ ಹಿಂದಿನ ದಿನ ಮಣ್ಣು ತರಲು ಅವ್ವ ನನ್ನೊಬ್ಬಳನ್ನೇ ಕಳಿಸಿದಳು. ವೈನಿ ಮಣ್ಣನ್ನೂ ಮುಟ್ಟಬಾರದು ಅಂತ. ನಾನು ಬುಟ್ಟಿ ಹಿಡಿದು ಹಳ್ಳದ ಹೊಲಕ್ಕೆ ಹೋದೆ. ಬನ್ನಿಗಿಡದ ಬುಡದಲ್ಲಿ ಹುಲ್ಲು ಕೂಡ ಇರಲಿಲ್ಲ. ಮೊದಲು ಅಲ್ಲಿ ಕರಿಕೆ ಕಾಲಿಗೆ ತೊಡಕುವಷ್ಟು ಬೆಳೆಯುತ್ತಿತ್ತು. ಕಿಟ್ಟದ ಒಡ್ಡಿನಿಂದ ಮಳೆನೀರು ಇಳಿದ ಜಾಗ ಬೆಳ್ಳಗೆ ಹೊಪ್ಪಳಿಕೆ ಕಟ್ಟಿತ್ತು.

ನಮ್ಮ ಹೊಲದ ಕೆಳಗೆ ಹಳ್ಳಕ್ಕೆ ಇನ್ನೂ ಹತ್ತಿರ ಒಂದು ತುಂಡು ಹೊಲವಿತ್ತು. ಅದರ ಒಡತಿ ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದವಳು. ನೀರಡಿಸಿ ಮನೆಯ ಹತ್ತಿರ ಬಂದರೆ ಅವ್ವ ಅವಳ ಬೊಗಸೆಗೆ ಮೇಲಿನಿಂದ ನೀರು ಸುರಿಯುತ್ತಿದ್ದಳು, ತಂಬಿಗೆ ತಾಗದ ಹಾಗೆ. ಅವತ್ತು ಅವಳು ತನ್ನ ಹೊಲದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಹೊಸದಾಗಿ ಎದ್ದ ಜೋಳದ ಸಸಿ ಕೀಳುತ್ತಿದ್ದಳು.

“ಯಾಕಬೇ, ಚಲೋ ಸಸಿ ಕೀಳಾಕತ್ತಿ?” ಅಂದೆ.

“ಎಲ್ಲಿ ಚಲೋ ಯವ್ವಾ. ನೋಡ್ರಿಲ್ಲೆ,” ಎಂದು ಒಂದು ಹಿಡಿ ಎತ್ತಿ ತೋರಿಸಿದಳು. ಅದೇ ಹಳದಿ, ಅದೇ ಮುರುಟಿದ ತುದಿ. ಬೇರು ಗಿಡ್ಡಾಗಿ ದಪ್ಪಾಗಿ, ಕಂದುಬಣ್ಣಕ್ಕೆ ತಿರುಗಿ, ಹಲ್ಲುಜ್ಜಿ ಬಿಸಾಕಿದ ಬೇವಿನ ಕಡ್ಡಿಯ ತುದಿಯ ಹಾಗೆ ಇತ್ತು. ಎಳೆಬೇರು ಒಂದೂ ಇರಲಿಲ್ಲ. “ಮೂರು ವರ್ಷ ಆತು, ಹಿಂಗಽ. ನಿಮ್ಮ ಶೆಡ್ಡಿನ ನೀರು ಹಳ್ಳದಿಂದ ಏರಿ ನಿಂತಲ್ಲೆಲ್ಲಾ ಹಿಂಗಽ.”

ನಾನು ಘಟ್ಟದ ಸಸಿಯ ಮಾತು ಹೇಳಿದೆ. ವೈನಿಗೆ ಮುಡಚಟ್ಟಿನ ಹೆಸರು ಬಂದದ್ದನ್ನೂ ಹೇಳಿದೆ. ಅವಳು ಕೈ ಝಾಡಿಸಿ ಎದ್ದು ನಿಂತಳು. ಅವಳ ಮುಖದಲ್ಲಿ ನಗೆ ಬಂತೋ ಸಿಟ್ಟು ಬಂತೋ, ನನಗೆ ಆಗ ತಿಳಿಯಲಿಲ್ಲ.

“ಹಂಗಾರ ನನ್ನ ಹೊಲದಾಗ ಯಾರು ಹೊರಗ ಕುಂತಿದ್ರಂತ ಕೇಳ್ರಿ ನಿಮ್ಮ ಕಾಕಾರ್ನ. ನನ್ನ ಮುಟ್ಟು ನಿಂತು ಎಷ್ಟೋ ಕಾಲ ಆತು. ನಿಮ್ಮ ಮನಿ ಮಂದಿ ಪ್ರಕಾರ ನಾವು ಹುಟ್ಟಿದಾಗಿಂದ ಮುಡಚಟ್ಟಽ, ಆದ್ರ ಮೊದಲ ನಮ್ಮ ಜೋಳ ಆಳೆತ್ತರ ಬರ್ತಿತ್ತಲ್ಲರಿ?”

ಅವಳ ಕೈಯಿಂದ ಎರಡು ಸಸಿ ಇಸಿದುಕೊಂಡೆ, ಕೈಗೆ ಕೈ ತಾಗಿತು, ತಾಗಲಿ ಬಿಡು ಅಂದುಕೊಂಡೆ. ಬುಟ್ಟಿಯಲ್ಲಿ ಘಟ್ಟದ ಮಣ್ಣು, ಸೆರಗಿನಲ್ಲಿ ಆ ಸಸಿ ಕಟ್ಟಿಕೊಂಡು ಮನೆಗೆ ಬಂದೆ.

ಮನೆಯಲ್ಲಿ ಅವ್ವನಿಗೆ ಹೇಳಿದರೆ, “ಮಣ್ಣಿಗೆ ಹೆಸರಿಡಬ್ಯಾಡ, ತಾಯಿ ಅದು” ಎಂದು ಬಾಯಿ ಮುಚ್ಚಿಸಿದಳು. ಮರುದಿನ ಘಟ್ಟ ಹಾಕುವ ಮುಂಜಾನೆಯೇ ವೈನಿ ಹಿತ್ತಲ ಬಾಗಿಲಲ್ಲಿ ನಿಂತು ನನ್ನನ್ನು ಕರೆದಳು. “ಅತ್ತಿಗೆ ಹೇಳು, ನನಗ ಕಾಗಿ ಮುಟ್ಟೇತಿ.” ಕಾಗೆ ಮುಟ್ಟಿತು ಅಂದರೆ ತಿಂಗಳ ಮುಟ್ಟು ಬಂತು, ಹೊರಗೆ ಕೂಡಬೇಕು ಅಂತ. ಅವ್ವನಿಗೆ ಕೇಳಿ ಒಂದು ನಮೂನೆ ಸಮಾಧಾನವೇ ಆಯಿತು. ಈ ಸಲ ಜಗಲಿಯ ಹತ್ತಿರ ಹಾಯುವ ಮಾತೇ ಇಲ್ಲವಲ್ಲ! ತಾನೇ ತಲೆಗೆ ನೀರು ಹಾಕಿಕೊಂಡು ಒದ್ದೆ ಸೀರೆಯಲ್ಲಿ ಬಂದು ಘಟ್ಟ ಹಾಕಿದಳು.

ವೈನಿ ದನದ ಮನೆಯಲ್ಲಿ ಗೋಣಿಚೀಲ ಹಾಸಿಕೊಂಡು ಕುಳಿತಿದ್ದಳು. ನಾನು ಹೋಗಿ ಕೆಳಗಿನ ಹೊಲದವಳ ಮಾತೆಲ್ಲ ಹೇಳಿ, ಆ ಎರಡು ಸಸಿ ತೋರಿಸಿದೆ. ಅವಳು ಬೇರನ್ನು ಉಗುರಿನಿಂದ ಕೆರೆದು ನೋಡಿದಳು, ಮೂಸಿ ನೋಡಿದಳು. ಆಮೇಲೆ, “ಅತ್ತಿ ಘಟ್ಟಕ್ಕ ಹಾಕಿ ಉಳಿದ ಕಾಳು ಅದಾವೇನು?” ಅಂದಳು.

“ಅದಾವ ವೈನಿ.”

“ಒಂದು ಹಿಡಿ ತಗೊಂಡ ಬಾ. ಏರಿ ಹೊಲಕ್ಕ ಹೋಗಿ ಒಂದು ಬುಟ್ಟಿ ಮಣ್ಣು ತಾ. ಯಾರಿಗೂ ಹೇಳಬ್ಯಾಡ. ಹೂಂ, ಹೋಗ್ ಹೋಗ್, ಬಾಯಿ ತಗದು ನಿಲ್ಲಬ್ಯಾಡ.”

ತಂದುಕೊಟ್ಟೆ. ದನದ ಮನೆಯ ಮೂಲೆಯಲ್ಲಿ ಒಂದು ಒಡಕು ಮಣ್ಣಿನ ಹರವಿ ಬಿದ್ದಿತ್ತು, ಅದರ ತಳದಲ್ಲಿ ಏರಿ ಹೊಲದ ಮಣ್ಣು ಹರಡಿ, ಅದೇ ಐದು ತರದ ಕಾಳನ್ನು ವೈನಿ ತನ್ನ ಕೈಯಿಂದ ಬಿತ್ತಿದಳು. ಹೊರಗೆ ಕುಳಿತ ಕೈಯಿಂದ. ನಾನೂ ಆ ಮನೆಯಲ್ಲೇ ಬೆಳೆದವಳು. ಸಸಿ ಬರದಿದ್ದರೆ? ಕಾಕಾ ಹೇಳಿದ್ದೇ ಖರೆಯಾದರೆ? ಅದನ್ನು ಬಾಯಿಬಿಟ್ಟು ಕೇಳಿದೆ ಕೂಡ.

“ಬರದಿದ್ರ ನಾನಽ ಗಂಟು ಕಟ್ಕೊಂಡು ತಿರ್ಲಾಪುರದ ಹಾದಿ ಹಿಡೀತೀನಿ, ಯಾರೂ ಬಿಟ್ಟ ಬರೂದು ಬ್ಯಾಡ,” ಅಂದಳು. ಹರವಿಯನ್ನು ಮೇವಿನ ಗ್ವಾದಲಿಯ ಹಿಂದೆ ಬೆಳಕು ಬೀಳುವ ಕಡೆ ಇಟ್ಟು, ಕಂಡಿ ಕಂಡಿಯ ಒಂದು ಮುರುಕು ಜಲ್ಲಿ ಬುಟ್ಟಿ ಡಬ್ಬು ಹಾಕಿದಳು. ಅವಳು ಜಳಕ ಮಾಡಿ ಒಳಗೆ ಬಂದ ಮೇಲೆಯೂ ಹರವಿ ಅಲ್ಲೇ ಇತ್ತು, ದನಕ್ಕೆ ಮೇವು ಹಾಕುವ ನೆವದಿಂದ ಹೋಗಿ ನೀರು ಹಾಕಿ ಬರುತ್ತಿದ್ದಳು.

ಮುಂದೆ ನಾನು ಧಾರವಾಡಕ್ಕೆ ಹೋಗಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದೆ. ಓದಿದ್ದೇ ಈ ಸಿಟ್ಟಿನಿಂದ ಅಂದರೂ ಸರಿ. ಅಲ್ಲಿ ತಿಳಿಯಿತು, ಮಣ್ಣಿಗೆ ಸತು, ಸೀಸದಂಥ ಲೋಹ ಮಿತಿಮೀರಿ ಸೇರಿದರೆ ಹೀಗೇ ಆಗುತ್ತದೆ. ಆಸಿಡ್ ಕೂಡಿಬಿಟ್ಟರೆ ಲೋಹ ನೀರಿನಲ್ಲಿ ಇನ್ನೂ ಸಲೀಸಾಗಿ ಕರಗಿ ಬೇರಿಗೆ ತಾಗುತ್ತದೆ. ಕಾಳಿನ ಹೊಟ್ಟೆಯಲ್ಲಿ ಅದರದೇ ಬುತ್ತಿ ಇರುತ್ತದೆ. ಅದನ್ನು ತಿಂದು ಮೊಳಕೆ ಮೇಲೆ ಬರುತ್ತದೆ, ಅದಕ್ಕೇ ಬೀಜ ಒಡೆದದ್ದು ನೋಡಿ ಎಲ್ಲ ಸರಿ ಇದೆ ಅನ್ನಿಸುತ್ತದೆ. ಬುತ್ತಿ ಮುಗಿದು ಬೇರು ಮಣ್ಣಿಗೆ ಬಾಯಿ ಹಾಕಿದಾಗ ತುದಿಯೇ ಸುಟ್ಟಂತಾಗಿ ನಿಂತುಬಿಡುತ್ತದೆ. ಅಂಥ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಎಲೆಗೆ ಏರುವುದಿಲ್ಲ, ಹಸಿರು ಕಟ್ಟುವುದಿಲ್ಲ. ಮೇಷ್ಟ್ರು ಇದನ್ನು ಹಲಗೆಯ ಮೇಲೆ ಬರೆದು ವಿವರಿಸುತ್ತಿದ್ದಾಗ ನಾನು ಹಿಂದಿನ ಬೆಂಚಿನಲ್ಲಿ ಹಲ್ಲು ಕಚ್ಚಿ ಕುಳಿತಿದ್ದೆ. ತವರಿನ ಬುತ್ತಿ ಮುಗಿಯುವವರೆಗೆ ನಗುತ್ತ ಇದ್ದ ವೈನಿ ನಮ್ಮ ಮನೆಯ ಅನ್ನ ಉಣ್ಣತೊಡಗಿದ ಮೇಲೆ ಹೇಗಾದಳು ಎಂದು ನಾನು ಕಣ್ಣಾರೆ ನೋಡಿದ್ದೆ.

ಆ ವರ್ಷದ ದಸರೆಯ ದಿನ ಸಂಜೆ ಬಂತು. ಕಾಕಾ ಕರಿ ಟೊಪ್ಪಿಗೆ ಹಾಕಿ, ಹೊಸ ಧೋತರ ಉಟ್ಟು ಪಡಸಾಲೆಯಲ್ಲಿ ನಿಂತಿದ್ದ. ಅಣ್ಣ ಬನ್ನಿಯ ಸೊಪ್ಪು ಹಿಡಿದಿದ್ದ. ಕೆಳಗಿನ ಹೊಲದವಳು ಹಬ್ಬದ ಹೋಳಿಗೆ ಇಸಿದುಕೊಳ್ಳಲು ಬಂದು ಕಟ್ಟೆಯ ಕೆಳಗೆ ನಿಂತಿದ್ದಳು. ಅವ್ವ ಜಗಲಿಯಿಂದ ಪತ್ರಾಳಿ ಎತ್ತಿಕೊಂಡು ಬಂದು ನಡುವೆ ಇಟ್ಟಳು. ನೋಡುವುದೇನಿತ್ತು? ಹಳದಿ ಮುಳ್ಳಿನ ಹಾಗೆ ಗಿಡ್ಡ ಗಿಡ್ಡ ಎದ್ದಿದ್ದವು.

“ಮತ್ತ ಅದಽ. ಮುಡಚಟ್ಟು ಹೊಕ್ಕೇತಿ ಈ ಮನಿ,” ಅಂದ ಕಾಕಾ.

ಅವ್ವನಿಗೂ ಅವತ್ತು ಏನೋ ಅನ್ನಿಸಿರಬೇಕು. “ಅಕಿ ಈ ಸಲ ಜಗಲಿ ಕಡೆ ಹಾದಿಲ್ಲಪಾ. ನಾನಽ ಮಡೀಲೆ ಹಾಕೇನಿ,” ಅಂದಳು.

“ಹಂಗಾರ ನೆರಳು ಬಿದ್ದಿರಬೇಕು. ನಾಳೆ ಬಂಡಿ ಹೂಡ್ರಿ, ತಿರ್ಲಾಪುರಕ್ಕ ಹೋಗೂಣು.”

ನೆರಳು! ದನದ ಮನೆಯಲ್ಲಿ ಕುಳಿತವಳ ನೆರಳು ಗೋಡೆ ದಾಟಿ, ಅಡುಗೆಮನೆ ದಾಟಿ ಬಂದು ಜಗಲಿಯ ಮೇಲೆ ಬಿತ್ತಂತೆ. ಇವನ ಕಿಟ್ಟ ಮಾತ್ರ ಒಡ್ಡಿನಿಂದ ಕೆಳಗೆ ಇಳಿಯುವುದಿಲ್ಲವಂತೆ. ನಾನು ಬಾಯಿ ತೆರೆಯಬೇಕು ಅನ್ನುವುದರೊಳಗೆ ಹಿತ್ತಲ ಕಡೆಯಿಂದ ವೈನಿ ಬಂದಳು. ಎರಡೂ ಕೈಯಲ್ಲಿ ಒಡಕು ಹರವಿ. ತಂದು ಪತ್ರಾಳಿಯ ಬಾಜು ಇಟ್ಟಳು. ಗೇಣಿಗಿಂತ ಎತ್ತರದ ಸಸಿ, ಹಚ್ಚ ಹಸಿರು, ಒಂದಕ್ಕೊಂದು ಒತ್ತಿಕೊಂಡು ಹರವಿಯ ತುಂಬ ನಿಂತಿದ್ದವು. ಗೋದಿಯ ಎಲೆ ಗಾಳಿಗೆ ಅಲುಗಾಡಿದವು.

“ಅಯ್ಯ ಶಿವನ,” ಅಂದಳು ಅವ್ವ.

“ಇದು ನಾ ಹಾಕಿದ್ದರಿ ಮಾವಾರ,” ಅಂದಳು ವೈನಿ. ಅವಳ ದನಿ ಏರಲಿಲ್ಲ. “ಕಾಗಿ ಮುಟ್ಟಿದ ದಿನಽ ಹಾಕಿದ್ದು, ದನದ ಮನ್ಯಾಗ. ಕಾಳು ಅತ್ತಿ ಘಟ್ಟಕ್ಕ ಹಾಕಿ ಉಳಿದದ್ದು. ನೀರು ನಮ್ಮ ಬಾವೀದು. ಮಣ್ಣು ಅಷ್ಟ ಬ್ಯಾರೆ, ಏರಿ ಹೊಲದ್ದು. ಅಲ್ಲಿ ನಿ‍ಮ್ಮ ಶೆಡ್ಡಿನ ಕಿಟ್ಟ ಬಿದ್ದಿಲ್ಲ.”

ಕಾಕಾ ಒಮ್ಮೆ ಹರವಿ ನೋಡಿದ, ಒಮ್ಮೆ ಪತ್ರಾಳಿ ನೋಡಿದ. ಅವನು ದಡ್ಡನಲ್ಲ. ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಅವನಿಗೆ ಎಲ್ಲ ತಿಳಿಯಿತು ಅಂತ.

“ದನದ ಮನ್ಯಾಗ ಬೆಳದದ್ದು ದನಕ್ಕ ಹಾಕು,” ಅಂದ ಕೊನೆಗೆ.

“ಆತ್ರಿ, ಹಾಕ್ತೀನಿ. ಜಗಲಿ ಮ್ಯಾಲಿಂದು ನೀವು ಇಟ್ಕೋರಿ.” ವೈನಿ ಬಗ್ಗಿ ಪತ್ರಾಳಿಯಿಂದ ಹಳದಿ ಸಸಿ ನಾಲ್ಕು ಕಿತ್ತಳು, ಬೇರಿನ ಮಣ್ಣು ಝಾಡಿಸಿ, ಸೆರಗು ತಲೆಯ ಮೇಲೆ ಎಳೆದುಕೊಂಡು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದಳು. ಎಲ್ಲರೂ ದಸರೆಗೆ ಅನ್ನುವ ಮಾತನ್ನೇ ಅಂದಳು. “ಬನ್ನಿ ತಗೊಂಡು ಬಂಗಾರದ್ಹಂಗ ಇರೂಣ್ರಿ ಮಾವಾರ. ನೋಡ್ರಿ, ಸಸಿನೂ ಬಂಗಾರದ ಬಣ್ಣಾನ ಆಗ್ಯಾವ.”

ಆ ದಿನ ಮನೆಯ ಸೊಸೆ ಘಟ್ಟದ ಸಸಿ ಕೊಟ್ಟರೆ ಒಲ್ಲೆ ಅನ್ನಲು ಬರುವುದಿಲ್ಲ. ಅಂದರೆ ದೇವರನ್ನೇ ಒಲ್ಲೆ ಅಂದ ಹಾಗೆ. ಕಾಕಾ ಇಸಿದುಕೊಂಡ. ಟೊಪ್ಪಿಗೆಯ ಮಡಿಕೆಯಲ್ಲಿ ಸಿಗಿಸಿಕೊಳ್ಳಲು ನೋಡಿದ, ಅಷ್ಟು ಗಿಡ್ಡ ಸಸಿ ನಿಲ್ಲಲೊಲ್ಲವು. ಒಂದು ಬಿತ್ತು, ಬಗ್ಗಿ ಎತ್ತಿಕೊಂಡ. ಇನ್ನೊಂದು ಬಿತ್ತು. ಕಟ್ಟೆಯ ಕೆಳಗಿನಿಂದ ಕೆಳಗಿನ ಹೊಲದವಳು ಗಟ್ಟಿಯಾಗಿ ನಕ್ಕುಬಿಟ್ಟಳು. ನಮ್ಮ ಮನೆಯ ಮುಂದೆ ಅವಳು ಹಾಗೆ ನಕ್ಕದ್ದು ನಾನು ಅದೊಂದೇ ಸಲ ಕೇಳಿದ್ದು. ಅಣ್ಣ ಮುಂದೆ ಬಂದು ಹರವಿಗೆ ಕೈ ಹಾಕಿ, ಎರಡು ಹಸಿರು ಸಸಿ ಕಿತ್ತು ತನ್ನ ಟೊಪ್ಪಿಗೆಯಲ್ಲಿ ಸಿಗಿಸಿಕೊಂಡ. ಅಷ್ಟಾದರೂ ಮಾಡಿದ. ಅಷ್ಟಕ್ಕೆ ನಾನು ಅವನನ್ನು ಪೂರ್ತಿ ಮಾಫ್ ಮಾಡಿಲ್ಲ, ಅದು ಅವನಿಗೂ ಗೊತ್ತಿದೆ.

ಮರುದಿನ ಬಂಡಿ ಹೂಡಲಿಲ್ಲ. ತಿರ್ಲಾಪುರದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ತಪ್ಪಾಯಿತು ಎಂದೂ ಯಾರೂ ಅನ್ನಲಿಲ್ಲ, ಅವ್ವನೂ ಅನ್ನಲಿಲ್ಲ. ಮುಡಚಟ್ಟು ಕಳೆಯಿತು, ದೇವರು ಕಣ್ಣು ತೆರೆದ ಎಂದು ಅವಳು ಬೀಗರ ಮುಂದೆ ಹೇಳುತ್ತಿದ್ದದ್ದನ್ನು ಕೇಳಿ ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು. ಶೆಡ್ಡು ನಡೆದೇ ಇತ್ತು. ಗಟಾರ ಹರಿದೇ ಇತ್ತು. ಕೆಳಗಿನ ಹೊಲದವಳು ಇನ್ನೊಂದು ಸಲ ಬಿತ್ತಿ ನೋಡಿದಳು, ಆ ಬೆಳೆಯೂ ಹೋಯಿತು. ಹೊಲ ಬೀಳು ಬಿಟ್ಟು ದಿನಾ ನವಲಗುಂದದ ಕಡೆ ಕೂಲಿಗೆ ಹೋಗತೊಡಗಿದಳು. ಅವಳ ಸಸಿ ಸತ್ತದ್ದಕ್ಕೆ ಯಾವ ಮನೆಯಲ್ಲೂ ಪಂಚಾಯ್ತಿ ಆಗಲಿಲ್ಲ.

ಮತ್ತೆ ಮಾರ್ನಮಿ ಬಂತು. ಘಟ್ಟದ ಹಿಂದಿನ ದಿನ ಮುಂಜಾನೆ ಶೆಡ್ಡಿನಿಂದ ಕಿಟ್ಟದ ಬಂಡಿ ಎಂದಿನ ಹಾಗೆ ನಮ್ಮ ಮನೆಯ ಮುಂದೆ ಹಾದು ಹಳ್ಳದ ಹೊಲದ ಕಡೆ ಹೋಯಿತು. ಕಾಕಾ ಕಟ್ಟೆಯ ಮೇಲೆ ನಿಂತು ಅದನ್ನು ನೋಡಿದ. ನೋಡಿ, ಒಳಗೆ ಬಂದು, ಟೊಪ್ಪಿಗೆ ಹಾಕಿಕೊಳ್ಳುತ್ತ ನನಗೆ ಹೇಳಿದ:

“ಘಟ್ಟಕ್ಕ ಈ ಸಲ ಏರಿ ಹೊಲದ ಮಣ್ಣು ತಗೊಂಡ ಬಾ. ಹಳ್ಳದ್ದು ಬ್ಯಾಡ.”

ಮುತ್ತಜ್ಜನ ಕಾಲದ ಪದ್ಧತಿಯನ್ನು ಬಿಡಲು ಅವನಿಗೆ ಒಂದು ಗಳಿಗೆ ಹಿಡಿಯಲಿಲ್ಲ. ಬಂಡಿ ನಿಲ್ಲಿಸುವುದು ಮಾತ್ರ ಆಗಲಿಲ್ಲ. ತನ್ನ ಟೊಪ್ಪಿಗೆಯ ಸಸಿಯನ್ನು ಉಳಿಸಿಕೊಂಡ, ಹೊಲವನ್ನು ಸಾಯಲು ಬಿಟ್ಟ. ಎಲ್ಲ ತಿಳಿದೂ ಬಿಟ್ಟ. ನಾನು ಸಿಟ್ಟಿನಿಂದ ಬುಟ್ಟಿ ಹಿಡಿದು ಹಾಗೇ ನಿಂತೆ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ವೈನಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.

“ಯಾಕ್ರಿ ಮಾವಾರ,” ಅಂದಳು, “ಹಳ್ಳದ ಹೊಲ ಹೊರಗ ಕುಂತೈತೇನ್ರಿ?”

ಕಾಕಾ ಚಪ್ಪಲಿ ಮೆಟ್ಟಿಕೊಂಡು ಶೆಡ್ಡಿಗೆ ಹೋದ.